ಸಾಕ್ಷಿ ಬೆಂಚು

ಲಿಫ್ಟ್ ಮೇಸ್ತ್ರಿಯ ಆಯುಷ್ಯವೆಲ್ಲ ಮೇಲೆ ಕೆಳಗೆ ಓಡಾಡುವುದರಲ್ಲೇ ಕಳೆದಿತ್ತು. ಪೇಟೆಯ ನಡುವಿನ ಅರ್ಧಕ್ಕರ್ಧ ಕಟ್ಟಡಗಳ ಲಿಫ್ಟುಗಳು ಅವನ ಕೈಯಲ್ಲೇ ಪಳಗಿದವು. ಇಷ್ಟು ಸಲ ಮೇಲೆ ಹೋಗಿಯೂ ಮೇಲೆ ಬರದ ಮನುಷ್ಯ ತಾನೊಬ್ಬನೇ ಎಂದು ಅವನೇ ಹೇಳಿಕೊಳ್ಳುತ್ತಿದ್ದ. ಬೇರೆಯವರು ಹೇಳುವ ಮೊದಲು ನಾವೇ ಹೇಳಿಬಿಟ್ಟರೆ ನೋವು ಸ್ವಲ್ಪ ಕಡಿಮೆ.

ಕೆಲಸ ಒಂಟಿತನದ್ದು. ಹಣೆಗೆ ಬ್ಯಾಟರಿ ಕಟ್ಟಿಕೊಂಡು, ಗ್ರೀಸು ಮೆತ್ತಿದ ಹಗ್ಗಗಳ ನಡುವೆ, ಇಡೀ ದಿನ ಲಿಫ್ಟು ಓಡಾಡುವ ಕತ್ತಲೆಯ ಬಾವಿಯೊಳಗೆ ಇಳಿಬಿದ್ದಿರಬೇಕು. ಜನ ಮಾತಾಡಿಸುವುದಿಲ್ಲವೆಂದಲ್ಲ. ಬಾಗಿಲ ಆಚೆಯಿಂದ "ಇನ್ನೂ ಎಷ್ಟು ಹೊತ್ತಪ್ಪ?" ಎಂದು ಕೇಳುತ್ತಾರೆ. ಆ ಪ್ರಶ್ನೆಯನ್ನು ಹಿಡಿದುಕೊಂಡು ಸಂಭಾಷಣೆ ಬೆಳೆಸುವುದು ಕಷ್ಟ. ಹಾಗಾಗಿ ಸಂಜೆ ಸೀಮೆಎಣ್ಣೆಯಲ್ಲಿ ಕೈ ಉಜ್ಜಿ ತೊಳೆದುಕೊಂಡ ಮೇಲೆ ಅವನ ಕಾಲು ತಾನಾಗಿ ಬಾರಿನ ಕಡೆ ತಿರುಗುತ್ತಿತ್ತು.

ಬಾರು ಇದ್ದದ್ದು ಚಪ್ಪಲಿ ಅಂಗಡಿಗೂ ಫೋಟೋ ಸ್ಟುಡಿಯೋಗೂ ನಡುವೆ, ರಸ್ತೆಯಿಂದ ಒಂದಿಷ್ಟು ಮೆಟ್ಟಿಲು ಕೆಳಗೆ. ಬೋರ್ಡಿನ ಅರ್ಧ ಅಕ್ಷರಗಳು ಉದುರಿಹೋಗಿದ್ದವು. ಉಳಿದರ್ಧವನ್ನು ಓದುವ ಅಗತ್ಯ ಯಾರಿಗೂ ಬಿದ್ದಿರಲಿಲ್ಲ. ಹೊಸಬರು ಇಣುಕಿ ನೋಡಿ, ಇದು ಗೋಡೌನ್ ಇರಬೇಕೆಂದುಕೊಂಡು, ಎದುರಿನ ಗಾಜಿನ ಗೋಡೆಯ ಬಾರಿಗೆ ಹೋಗುತ್ತಿದ್ದರು. ಒಳಗೆ ರೆಕ್ಸಿನ್ ಕಿತ್ತುಹೋದ ಕುರ್ಚಿಗಳು, ಕುಂಟುವ ಕಾಲಿಗೆ ರಟ್ಟು ಮಡಚಿ ಕೊಟ್ಟ ಮೇಜುಗಳು, ತಿರುಗುವುದಕ್ಕಿಂತ ಹೆಚ್ಚು ಗೊಣಗುವ ಫ್ಯಾನು. ಸುತ್ತಲಿನ ಅಂಗಡಿಯವರು, ಗುಮಾಸ್ತರು, ಪ್ರೆಸ್ಸಿನವರು, ಎಲ್ಲರಿಗೂ ಅಲ್ಲಿ ತಮ್ಮ ತಮ್ಮ ಕುರ್ಚಿ ಇತ್ತು.

ಆ ಬಾರಿನಲ್ಲಿ ಹಳಬರಲ್ಲಿ ಯಾರನ್ನೂ ಏನು ಬೇಕೆಂದು ಕೇಳುವ ಪದ್ಧತಿ ಇರಲಿಲ್ಲ. ಗಿರಾಕಿ ಮೆಟ್ಟಿಲಿಳಿದು ಕುರ್ಚಿ ಎಳೆಯುವಷ್ಟರಲ್ಲಿ ಅವನದು ಮೇಜಿನ ಮೇಲೆ ಇರುತ್ತಿತ್ತು. ತಂದಿಡುತ್ತಿದ್ದವನು ಒಬ್ಬನೇ ಒಬ್ಬ ವೇಟರ್. ಮುಖದಲ್ಲಿ ನಗುವಿಲ್ಲ, ಬಾಯಲ್ಲಿ ಮಾತಿಲ್ಲ, ಒಂದು ಸಲ ತೀರ್ಮಾನ ಮಾಡಿದರೆ ಮುಗಿಯಿತು. ಎಲ್ಲರೂ ಅವನನ್ನು ಜಡ್ಜ್ ಎನ್ನುತ್ತಿದ್ದರು. ಮೇಸ್ತ್ರಿಯ ಪಾಲಿಗೆ ಜಡ್ಜ್ ಕೊಟ್ಟಿದ್ದ ತೀರ್ಪು ನೀರು ಬೆರೆಸಿದ ರಮ್ಮು, ಒಂದು ತಟ್ಟೆ ಹುರಿದ ಕಡಲೆಕಾಯಿ. ಅದನ್ನು ಅವನು ಯಾವತ್ತು ಮೊದಲು ಕೇಳಿದ್ದನೋ ಅವನಿಗೇ ನೆನಪಿರಲಿಲ್ಲ.

ಕೈತೊಳೆಯುವ ಬೇಸಿನ್ನಿನ ಪಕ್ಕದಲ್ಲಿ ಒಂದು ಮರದ ಬೆಂಚು. ಕುಡಿಯದವರು, ಅಂದರೆ ಯಾರನ್ನೋ ಮನೆಗೆ ಕರೆದೊಯ್ಯಲು ಬಂದ ಭಾವಮೈದುನಂದಿರು, ಯಾರಿಗೋ ಕಾಯುವ ಡ್ರೈವರುಗಳು ಅಲ್ಲಿ ಕೂತು ಕೈತೊಳೆಯುವವರ ನೀರು ಸಿಡಿಸಿಕೊಳ್ಳುತ್ತಿದ್ದರು. ಅದಕ್ಕೆ ಸಾಕ್ಷಿ ಬೆಂಚು ಎಂದು ಹೆಸರು. ಆ ಹೆಸರು ಇಟ್ಟವನು ಬೇರೆ ಯಾರೂ ಅಲ್ಲ, ಮೇಸ್ತ್ರಿಯೇ. ಒಬ್ಬ ಟೈಲರ್ ಕುಡಿಯುವುದನ್ನು ಬಿಟ್ಟು, ಆದರೂ ಬಂದು ತನ್ನ ಕುರ್ಚಿಯಲ್ಲೇ ಕೂತಾಗ, "ಜಡ್ಜ್ ಇದ್ದಾರೆ, ನಾವೆಲ್ಲ ಆರೋಪಿಗಳು ಇದ್ದೀವಿ, ನೀನು ಹೋಗಿ ಸಾಕ್ಷಿ ಬೆಂಚಲ್ಲಿ ಕೂತ್ಕೊಳಪ್ಪ" ಎಂದು ಮೇಸ್ತ್ರಿ ಅಂದಿದ್ದ. ಬಾರೆಲ್ಲ ನಕ್ಕಿತ್ತು. ಟೈಲರ್ ಕೂಡ ನಕ್ಕು, ಹೋಗಿ ಬೆಂಚಿನಲ್ಲಿ ಕೂತ. ಕೆಲವು ದಿನ ಬಂದ. ಆಮೇಲೆ ಬರುವುದನ್ನೇ ಬಿಟ್ಟ.

ಇಂಥ ಮೇಸ್ತ್ರಿಗೆ ಡಾಕ್ಟರು, ರಿಪೋರ್ಟನ್ನು ಬೆಳಕಿಗೆ ಹಿಡಿದು, ಇನ್ನು ಒಂದು ತೊಟ್ಟೂ ಮುಟ್ಟಬಾರದು ಎಂದುಬಿಟ್ಟರು. ಹೆಂಡತಿ ಪಕ್ಕದಲ್ಲೇ ಕೂತಿದ್ದಳಾದ್ದರಿಂದ ಆ ಮಾತನ್ನು ಮನೆಗೆ ಬರುವಷ್ಟರಲ್ಲಿ ಸಡಿಲ ಮಾಡುವ ದಾರಿಯೂ ಇರಲಿಲ್ಲ.

"ಇನ್ನು ಅಲ್ಲಿಗೆ ಹೋಗೋದ್ಯಾಕೆ?" ಅಂದಳು.

"ಸುಮ್ನೆ ಕೂರೋಕೆ ಕಣೆ."

"ಮನೇಲೂ ಕುರ್ಚಿ ಇದೆ."

ಇದ್ದದ್ದು ನಿಜ. ಆದರೆ ಆ ಕುರ್ಚಿಯ ಎದುರು ಕನ್ನಡಕದವನಿರಲಿಲ್ಲ.

ಕನ್ನಡಕದವನೆಂದರೆ ಮೂಲೆಯ ಕನ್ನಡಕದ ಅಂಗಡಿಯವನು, ಮೇಸ್ತ್ರಿಯ ಮೇಜಿನ ಜೊತೆಗಾರ. ಅವನ ಗ್ಲಾಸಿನಲ್ಲೂ ಅದೇ ರಮ್ಮಿನ ಬಣ್ಣ. ಇಬ್ಬರೂ ಸಂಜೆಯೆಲ್ಲ ಒಬ್ಬರ ಕಾಲನ್ನೊಬ್ಬರು ಎಳೆಯುತ್ತ ಕೂರುತ್ತಿದ್ದರು. ಕುಡಿತ ಬಿಟ್ಟೆನೆಂದರೆ ತನ್ನನ್ನು ಸಾಕ್ಷಿ ಬೆಂಚಿಗೆ ಕಳಿಸುವವರಲ್ಲಿ ಇವನೇ ಮೊದಲಿಗನೆಂದು ಮೇಸ್ತ್ರಿಗೆ ಗೊತ್ತಿತ್ತು, ಯಾಕೆಂದರೆ ತಾನಾಗಿದ್ದರೂ ಅದನ್ನೇ ಮಾಡುತ್ತಿದ್ದ. ಬೆಂಚಿಗೆ ಹೋದವನು ಟೈಲರನ ದಾರಿ ಹಿಡಿದಂತೆಯೇ. ದಿನವಿಡೀ ಬಾವಿಯಲ್ಲಿ ಇದ್ದು, ಸಂಜೆಯೂ ಮಾತಿಗೆ ಗತಿಯಿಲ್ಲದಂತಾದರೆ ಮನುಷ್ಯ ಲಿಫ್ಟಿನ ಜೊತೆಗೇ ಮಾತಾಡಲು ಶುರುಮಾಡಬೇಕಾಗುತ್ತದೆ. ಹಾಗೆ ಶುರುಮಾಡಿದ ಒಬ್ಬ ಮುದಿ ಮೆಕ್ಯಾನಿಕ್ಕನನ್ನು ಅವನು ನೋಡಿದ್ದ.

ಆದ್ದರಿಂದ ಅವನು ಬಾಯಿಬಿಡಲಿಲ್ಲ. ಎಂದಿನಂತೆ ಹೋದ, ಎಂದಿನಂತೆ ಕೂತ. ಜಡ್ಜ್ ಎಂದಿನಂತೆ ತಂದಿಟ್ಟ. ಈಗ ಎದುರಿಗಿದ್ದ ಗ್ಲಾಸನ್ನು ಏನು ಮಾಡುವುದು?

ದಾರಿ ತೋರಿಸಿದವನು ಕನ್ನಡಕದವನೇ. ಅವನಿಗೊಂದು ಅಭ್ಯಾಸ. ನಗು ಬಂತೆಂದರೆ ಕಣ್ಣಲ್ಲಿ ನೀರು ಬರುತ್ತಿತ್ತು. ನೀರು ಬಂದರೆ ಕನ್ನಡಕ ತೆಗೆದು, ಜೇಬಿನಿಂದ ಮೆತ್ತನೆಯ ಬಟ್ಟೆ ತೆಗೆದು, ಉಸಿರು ಊದಿ ಊದಿ ಒರೆಸುತ್ತಿದ್ದ. ಕನ್ನಡಕ ಮಾರುವವನು, ಬೇರೆಯವರ ಹಾಗೆ ಅಂಗಿಯ ತುದಿಯಲ್ಲಿ ಉಜ್ಜಿ ಮುಗಿಸುವವನಲ್ಲ. ಅಷ್ಟು ಹೊತ್ತು ಅವನಿಗೆ ಎದುರಿಗಿರುವುದು ಮೇಸ್ತ್ರಿಯೋ ಕಂಬವೋ ತಿಳಿಯುತ್ತಿರಲಿಲ್ಲ. ಮೇಸ್ತ್ರಿ ಒಂದು ಜೋಕು ಹೇಳಿದ, ಅವನು ನಕ್ಕ, ಕನ್ನಡಕ ತೆಗೆದ. ಮೇಸ್ತ್ರಿ ತನ್ನ ಗ್ಲಾಸಿನ ಅರ್ಧವನ್ನು ಅವನ ಗ್ಲಾಸಿಗೆ ಬಗ್ಗಿಸಿದ. ಇನ್ನೊಂದು ಜೋಕಿಗೆ ಉಳಿದರ್ಧ.

ಹೀಗೆ ದಿನಾ ನಡೆಯಿತು. ಕಷ್ಟವಾದದ್ದು ಜೋಕು ಹುಡುಕುವುದು ಮಾತ್ರ. ಮೇಸ್ತ್ರಿ ಲಿಫ್ಟಿನೊಳಗೆ ಹಗ್ಗ ಬಿಗಿಯುತ್ತ ಸಂಜೆಯ ಜೋಕು ಹೊಸೆಯತೊಡಗಿದ. ಕನ್ನಡಕದವನಂತೂ ದಿನದಿಂದ ದಿನಕ್ಕೆ ಹೆಚ್ಚು ನಗುತ್ತಿದ್ದ, ಜೋಕು ಅರ್ಧವಾಗುವ ಮೊದಲೇ ನಗುತ್ತಿದ್ದ.

"ಮೇಸ್ತ್ರಿ, ಈಚೆಗೆ ನೀನು ಭಾಳ ಚೆನ್ನಾಗಿ ಮಾತಾಡ್ತೀಯ ಕಣೋ."

"ಈಚೆಗೆ ನಿನಗೆ ಬುದ್ಧಿ ಬಂದಿದೆ, ಅರ್ಥ ಆಗ್ತಿದೆ" ಎಂದ ಮೇಸ್ತ್ರಿ, ತುಸು ಹೆಮ್ಮೆಯಿಂದಲೇ.

ಹೆಮ್ಮೆ ಇಳಿದದ್ದು ಒಂದು ಸಂಜೆ, ಕನ್ನಡಕದವನ ಹೆಂಡತಿ ಕೈಚೀಲ ಹಿಡಿದು ಮೆಟ್ಟಿಲಿಳಿದು ಬಂದಾಗ. ಆಕೆ ನೇರ ಹೋದದ್ದು ಕೌಂಟರಿನಲ್ಲಿ ಕೂತಿದ್ದ ಮಾಲೀಕನ ಹತ್ತಿರ.

"ನಮ್ಮನೆಯವರು ಕುಡಿಯೋದು ಬಿಟ್ಟು ವರ್ಷ ಆಯ್ತು" ಎಂದಳು. "ಗೊತ್ತಾ ನಿಮಗೆ?"

ಕೂತಿದ್ದವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬಾರಿಗೆ ಬಾರೇ ಕನ್ನಡಕದವನ ಕಡೆ ತಿರುಗಿತು. ಮೇಸ್ತ್ರಿ ಮಾತ್ರ ತನ್ನ ಗ್ಲಾಸಿನ ಕಡೆ ನೋಡಿದ.

"ಸ್ಕ್ರೂ ಹಾಕುವಾಗ ಕೈ ನಡುಗ್ತಿತ್ತು, ಅದಕ್ಕೇ ಬಿಟ್ಟರು. ಸ್ನೇಹಿತರ ಜೊತೆ ಕೂತು ಬರ್ತೀನಿ, ಕೋಲಾಕ್ಕೆ ನೀರು ಬೆರೆಸಿ ಕೊಡೋಕೆ ಹೇಳಿದೀನಿ ಅಂದರು. ಆಗಲಿ ಅಂದೆ. ದಿನಾ ಬಾಯಿ ಮೂಸಿ ನೋಡ್ತಿದ್ದೆ, ಸರಿಯಾಗೇ ಇತ್ತು. ಈಗ ನೋಡಿದರೆ ಮತ್ತೆ ಅದೇ ವಾಸನೆ. ನಿನ್ನೆ ಒಬ್ಬರಿಗೆ ಎಡಗಣ್ಣಿನ ಗಾಜು ಬಲಕ್ಕೆ, ಬಲಗಣ್ಣಿಂದು ಎಡಕ್ಕೆ ಹಾಕಿ ಕಳಿಸಿದಾರೆ. ಆ ಮನುಷ್ಯ ನಮ್ಮ ಅಂಗಡಿ ಬಾಗಿಲು ಅಂತ ಕನ್ನಡಿಗೆ ಹೋಗಿ ಡಿಕ್ಕಿ ಹೊಡೆದಿದಾನೆ." ಆಕೆ ಜಡ್ಜ್ ಕಡೆ ಕೈ ತೋರಿಸಿದಳು. "ಗ್ಲಾಸು ತಂದುಕೊಡೋನು ಇವನೊಬ್ಬನೇ. ನಂಬಿ ಹೇಳಿದ ಮನುಷ್ಯನಿಗೆ ಕದ್ದು ಬೆರೆಸಿ ಕುಡಿಸೋನನ್ನ ಕೆಲಸದಲ್ಲಿ ಇಟ್ಕೊಂಡಿದ್ದೀರಲ್ಲ."

"ಏನಯ್ಯ, ಹೌದಾ?" ಎಂದ ಮಾಲೀಕ.

ಜಡ್ಜ್ ಟ್ರೇ ಹಿಡಿದು ನಿಂತೇ ಇದ್ದ. ಇಲ್ಲವೆನ್ನಲು ಬಾಯಿ ತೆರೆಯಬೇಕು, ಅದು ಅವನಿಗೆ ಅಭ್ಯಾಸವಿರಲಿಲ್ಲ. ಕನ್ನಡಕದವನ ಮುಖ ನೋಡಿದ.

"ಅವನನ್ನೇನೂ ಅನ್ನಬೇಡ ಕಣೆ" ಎಂದು ಕನ್ನಡಕದವನು ಎದ್ದ. "ಮೊದಲನೇ ದಿನವೇ ನನಗೆ ರುಚಿ ಗೊತ್ತಾಯ್ತು. ಪಾಪ, ನನ್ನ ಮೇಲಿನ ಪ್ರೀತಿಗೆ ಹಾಕ್ತಿದ್ದಾನೆ ಅಂದ್ಕೊಂಡೆ. ಪ್ರೀತಿಯಿಂದ ಕೊಟ್ಟಿದ್ದನ್ನ ಬೇಡ ಅನ್ನೋದು ಹೇಗೆ?"

ಸಹಾಯ ಮಾಡಲು ಹೋಗಿ ಅವನು ಜಡ್ಜ್‌ನನ್ನು ಪೂರ್ತಿ ಮುಳುಗಿಸಿದ. ಮಾಲೀಕ ನಿಟ್ಟುಸಿರುಬಿಟ್ಟು, "ನಾಳೆಯಿಂದ ನೀನು ಬರಬೇಡಪ್ಪ" ಎಂದ.

ಜಡ್ಜ್ ಟ್ರೇಯನ್ನು ಕೌಂಟರಿನ ಮೇಲಿಟ್ಟು, ಹೆಗಲ ಮೇಲಿನ ಬಟ್ಟೆಯನ್ನು ನಿಧಾನವಾಗಿ ಮಡಚತೊಡಗಿದ. ಮೇಸ್ತ್ರಿ ಆ ಮಡಿಕೆಗಳನ್ನೇ ನೋಡುತ್ತಿದ್ದ. ಬಾಯಿಬಿಟ್ಟರೆ ತನ್ನ ಕುರ್ಚಿ ಹೋಗುತ್ತದೆ, ಬಿಡದಿದ್ದರೆ ಅವನ ಕೆಲಸ ಹೋಗುತ್ತದೆ. ಇನ್ನೂ ಒಂದು ಮಡಿಕೆ ಬೀಳಲಿ ಎಂದು ಕಾದ. ಬಿತ್ತು. ಇನ್ನು ಮಡಚಲು ಬಟ್ಟೆಯೇ ಉಳಿಯಲಿಲ್ಲ.

"ಅವನಲ್ಲ ಅತ್ತಿಗೆ" ಎಂದ ಮೇಸ್ತ್ರಿ. ಧ್ವನಿ ಲಿಫ್ಟಿನ ಬಾವಿಯಿಂದ ಬಂದಂತಿತ್ತು. "ನಾನು. ನನಗೆ ಡಾಕ್ಟರು ಕುಡೀಬಾರದು ಅಂದಿದಾರೆ. ಇಲ್ಲಿ ಹೇಳೋಕೆ ನಾಚಿಕೆ ಆಯ್ತು. ಇವನು ಕನ್ನಡಕ ಒರೆಸ್ತಾ ಇರುವಾಗ ನಂದನ್ನ ಇವನಿಗೆ ಬಗ್ಗಿಸ್ತಿದ್ದೆ. ಇವನೂ ಬಿಟ್ಟಿದಾನೆ ಅಂತ ನನಗೇನು ಗೊತ್ತು?"

ಕನ್ನಡಕದವನು ಕೈಯೆತ್ತಿ ತನ್ನ ಕನ್ನಡಕವನ್ನು ಮುಟ್ಟಿ ನೋಡಿಕೊಂಡ.

"ಹಾಗಾದರೆ ಆ ಜೋಕುಗಳು?" ಎಂದ ಕನ್ನಡಕದವನು.

"ನೀನು ಕನ್ನಡಕ ತೆಗೀಲಿ ಅಂತ."

"ನಾನು ನಿಜವಾಗಿ ನಕ್ಕಿದ್ದೆ ಕಣೋ." ಇದೊಂದೇ ಅವನಿಗೆ ನೋವಾದ ಹಾಗಿತ್ತು.

"ಮೇಸ್ತ್ರಿಯವರೇ" ಎಂದಳು ಅತ್ತಿಗೆ, "ನೀವು ಕುಡಿಯಲ್ಲ ಅಂತ ಬಾಯಿಬಿಟ್ಟು ಹೇಳೋಕಾಗದೆ ನನ್ನ ಗಂಡನ ಹೊಟ್ಟೆ ಬೇಕಾಯ್ತಾ? ಒಬ್ಬರನ್ನೊಬ್ಬರು ಒಂದು ಮಾತು ಕೇಳಬಾರದಿತ್ತಾ?"

"ಇಲ್ಲಿ ಕೇಳೋ ಪದ್ಧತಿ ಇಲ್ಲ ಕಣೆ" ಎಂದ ಗಂಡ.

ಆಕೆ ಜಡ್ಜ್ ಕಡೆ ತಿರುಗಿ, "ತಪ್ಪು ತಿಳ್ಕೊಂಡೆ ಅಣ್ಣ, ಹೊಟ್ಟೆಗೆ ಹಾಕ್ಕೊಳ್ಳಿ" ಎಂದು, ಗಂಡನನ್ನು ಕರೆದುಕೊಂಡು ಮೆಟ್ಟಿಲು ಹತ್ತಿದಳು. ಮಾಲೀಕ ಏನೂ ಆಗದವನಂತೆ ಟ್ರೇಯನ್ನು ಜಡ್ಜ್ ಕಡೆ ಸರಿಸಿದ.

ಯಾರೂ ಹೇಳುವ ಮೊದಲೇ ಮೇಸ್ತ್ರಿ ಎದ್ದು ಹೋಗಿ ಸಾಕ್ಷಿ ಬೆಂಚಿನಲ್ಲಿ ಕೂತ. ಪ್ರೆಸ್ಸಿನವನೊಬ್ಬ ಕೈತೊಳೆದು ನೀರು ಕೊಡವಿದ. "ಬೆಂಚಿಗೆ ಹೆಸರಿಟ್ಟವನಿಗೇ ಗೃಹಪ್ರವೇಶ" ಎಂದು ಯಾರೋ ಅಂದರು. ಮೇಸ್ತ್ರಿ ಟೈಲರ್ ನಕ್ಕಿದ್ದ ಹಾಗೆಯೇ ನಕ್ಕ. ಆ ನಗು ಹೇಗಿರುತ್ತದೆ ಎಂಬುದು ಒಳಗಿನಿಂದ ಅವತ್ತು ತಿಳಿಯಿತು.

ಆಗ ಜಡ್ಜ್ ಬಂದು ಎದುರು ನಿಂತ.

"ಏನು ಕೊಡಲಿ?" ಎಂದು ಕೇಳಿದ.

ಆ ಪ್ರಶ್ನೆಯನ್ನು ದಾರಿ ತಪ್ಪಿ ಬಂದ ಹೊಸಬರಿಗೆ ಮಾತ್ರ ಕೇಳಲಾಗುತ್ತಿತ್ತು. ಇದಕ್ಕಿಂತ ಅವನು ನಾಲ್ಕು ಮಾತು ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಮೇಸ್ತ್ರಿಗೆ. ಇಂಗು ತಿಂದ ಮಂಗನಂತೆ ನೋಡಿದ. ಏನು ಸಿಗುತ್ತದೆಂದು ಕೂಡ ಅವನಿಗೆ ಗೊತ್ತಿರಲಿಲ್ಲ.

"ನಿಂಬೆಹಣ್ಣಿನ ಸೋಡಾ" ಎಂದ ಕೊನೆಗೆ. ಏನಾದರೂ ಸೇರಿಸದಿದ್ದರೆ ತೀರಾ ಬೋಳು ಎನಿಸಿ, "ಉಪ್ಪು ಹಾಕಿ" ಎಂದ.

ಮರುದಿನ ಹೋಗುವುದೋ ಬೇಡವೋ ಎಂದು ಚಪ್ಪಲಿ ಅಂಗಡಿಯ ಮುಂದೆ ನಿಂತು, ತನಗೆ ಬೇಡದ ಚಪ್ಪಲಿಗಳನ್ನೆಲ್ಲ ನೋಡಿದ. ಕೊನೆಗೆ ಇಳಿದ. ತಲೆ ತಗ್ಗಿಸಿಕೊಂಡು ನೇರ ಬೆಂಚಿನ ಕಡೆ ಹೋದರೆ, ಬೆಂಚಿನ ಉದ್ದಕ್ಕೂ ಖಾಲಿ ಬಾಟಲಿಗಳ ಕ್ರೇಟುಗಳು. ಕೂರಲು ಜಾಗವಿಲ್ಲ. ತಿರುಗಿ ನೋಡಿದ. ಹಳೆಯ ಮೇಜಿನ ಮೇಲೆ, ಅವನ ಜಾಗದ ಎದುರು, ನಿಂಬೆ ಸೋಡಾ ಆಗಲೇ ಬಂದಿತ್ತು. ಜೊತೆಗೆ ಕಡಲೆಕಾಯಿ. ಆಚೆ ಕನ್ನಡಕದವನು ಬಣ್ಣದ ನೀರು ಹಿಡಿದು ಕೂತಿದ್ದ.

"ಬಾರೋ" ಎಂದ ಅವನು. "ಇವತ್ತು ಜೋಕು ಬೇಡ. ಸುಮ್ನೆ ಕೂತ್ಕೋ."

ಮೇಸ್ತ್ರಿ ಕೂತು ಒಂದು ಗುಟುಕು ಕುಡಿದ. ಉಪ್ಪು ವಿಪರೀತ. ಡಾಕ್ಟರಿಗೆ ಗೊತ್ತಾದರೆ ಅದಕ್ಕೂ ಏನಾದರೂ ಅನ್ನುತ್ತಾರೆ. ಈಗಲೂ ಪ್ರತಿ ಸಂಜೆ ಅಷ್ಟೇ ಉಪ್ಪು ಬರುತ್ತದೆ. ಸ್ವಲ್ಪ ಕಡಿಮೆ ಹಾಕು ಎನ್ನಬಹುದು. ಆದರೆ ಹಾಗೆಂದರೆ ಜಡ್ಜ್ ನಾಳೆ ಮತ್ತೆ ಬಂದು, ಏನು ಕೊಡಲಿ ಎಂದು ಕೇಳಿಬಿಟ್ಟರೆ ಎಂದು ಮೇಸ್ತ್ರಿ ಕಣ್ಣು ಮುಚ್ಚಿ ಕುಡಿಯುತ್ತಾನೆ.