ಹಲ್ಲಿನಿಂದ ಎಂಜಿನ್ ಕೇಳುತ್ತಿದ್ದ ಮಿಸ್ತ್ರಿ

ಉಪ್ಪಲ್‌ನ ಬೈಕ್ ಗ್ಯಾರೇಜಿನ ನಮ್ಮ ಮಿಸ್ತ್ರಿಗೆ ಕಿವಿ ಮಂದ. ಸ್ಕ್ರೂಡ್ರೈವರಿನ ಮರದ ಹಿಡಿಯನ್ನು ಹಲ್ಲಲ್ಲಿ ಕಚ್ಚಿ, ತುದಿಯನ್ನು ಎಂಜಿನ್ನಿಗೆ ಒತ್ತಿ, ಕಣ್ಣು ಮುಚ್ಚಿ ಹಲ್ಲಿಗೆ ಬರುವ ಸದ್ದು ಕೇಳುತ್ತಿದ್ದರು. ಗಿರಾಕಿಗಳು ನಗುತ್ತಿದ್ದರು. ಗಾಡಿಯ ರೋಗ ಮಾತ್ರ ಅವರು ಒಮ್ಮೆಯೂ ತಪ್ಪು ಹೇಳಲಿಲ್ಲ.

ಹೊಸ ಪಿಸ್ಟನ್ ಹಾಕುವ ದಿನ ಮನೆಯಿಂದ ಚಪಾತಿ ಹಿಟ್ಟಿನ ಉಂಡೆ ತರುತ್ತಿದ್ದರು. ಪಿಸ್ಟನ್ ತಲೆಗೆ ಹಿಟ್ಟು ಮೆತ್ತಿ, ಮೇಲಿನ ಮುಚ್ಚಳ, ಅಂದರೆ ಹೆಡ್, ಬಿಗಿದು, ಕೈಯಿಂದ ಎಂಜಿನ್ ತಿರುಗಿಸಿ, ಮತ್ತೆ ಬಿಚ್ಚುವುದು. ಚಪ್ಪಟೆಯಾದ ಹಿಟ್ಟನ್ನು ಬ್ಲೇಡಿನಿಂದ ಕೊಯ್ದು ನೋಡಿದರೆ ಮೇಲೆ ಎಷ್ಟು ಜಾಗ ಉಳಿದಿದೆ ಅಂತ ಗೊತ್ತಾಗುತ್ತದೆ. ನಾನು ಅವರ ಜೊತೆ ಕೆಲಸ ಮಾಡುತ್ತಿದ್ದೆ. ನನಗೆ ಅದೆಲ್ಲ ಹೊತ್ತು ಹಾಳು ಅನಿಸುತ್ತಿತ್ತು.

ಒಂದು ಭಾನುವಾರ ಅವರಿಲ್ಲದಾಗ ಜೋರು ಓಡಲಿ ಅಂತ ಅಣ್ಣನ ಬೈಕಿಗೆ ಉಬ್ಬುತಲೆಯ ಪಿಸ್ಟನ್ ಹಾಕಿದೆ. ಹಿಟ್ಟು ಗಿಟ್ಟು ಏನಿಲ್ಲ. ಬೈಕ್ ಬಾಣದಂತೆ ಓಡಿತು. ಮರುದಿನ ಅಣ್ಣ ಅದರಲ್ಲೇ ಪಟಾನ್‌ಚೆರುವಿನ ಫ್ಯಾಕ್ಟರಿಗೆ ಹೋದ. ಊಟದ ಹೊತ್ತಿಗೆ ಫೋನ್ ಮಾಡಿ, ಏರು ಹತ್ತುವಾಗ ಬಾಣಲೆಯಲ್ಲಿ ಕಡಲೆ ಸಿಡಿದಂತೆ ಸದ್ದು ಬಂತು ಅಂದ.

ಮಿಸ್ತ್ರಿಗೆ ಹೇಳಲೇಬೇಕಾಯಿತು. ಬೈಯುತ್ತಾರೆ ಅಂದುಕೊಂಡೆ. ಅವರು ಗ್ಯಾರೇಜಿನ ಷಟರ್ ಎಳೆದರು.

"ತಲಿ ಉಬ್ಬಿದ್ರ ಮ್ಯಾಲ ಜಾಗ ಕಡಿಮಿ ಆಗ್ತದ ತಮ್ಮಾ. ಪೆಟ್ರೋಲ್ ಹವಾ ಭಾಳ ಒತ್ತಡಕ್ಕ ಬಿದ್ದು, ಕಾದು, ತಾನಾಗೇ ಸಿಡಿತದ. ಪಿಸ್ಟನ್ ಕರಗಿ ಜಾಮ್ ಆದ್ರ ಓಡೋ ಗಾಡಿ ಗಾಲಿ ನಿಂತುಬಿಡ್ತದ. ಹಿಂದ ಲಾರಿ ಇರ್ತದ."

ಅಣ್ಣನ ಫೋನ್ ಬಂದ್ ಆಗಿತ್ತು. ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ನಾನು ಎದುರು ಬರುವ ಬೈಕುಗಳನ್ನೇ ನೋಡಿದೆ. ಫ್ಯಾಕ್ಟರಿ ಗೇಟಿನಲ್ಲಿ ಅಣ್ಣ ಹೆಲ್ಮೆಟ್ ಹಾಕಿಕೊಳ್ಳುತ್ತಿದ್ದ. ನಾನು ಓಡಿಹೋಗಿ ಹ್ಯಾಂಡಲ್ ಹಿಡಿದೆ. ಮಿಸ್ತ್ರಿ ಕೀ ಕಿತ್ತುಕೊಂಡರು.

ಬೈಕನ್ನು ಟ್ರಾಲಿ ಆಟೋದಲ್ಲಿ ತಂದು ಬಿಚ್ಚಿದಾಗ ಪಿಸ್ಟನ್ ತಲೆಯ ಅಂಚು ಹುಳ ತಿಂದಂತಿತ್ತು. ಇನ್ನೂ ತೂತು ಬಿದ್ದಿರಲಿಲ್ಲ. ಗಂಡಾಂತರ ತಪ್ಪಿತಲ್ಲ ಅಂತ ನನಗೆ ನಗು ಬಂತು, ನಿಲ್ಲಲೇ ಇಲ್ಲ.

"ನಗೋದು ಆಮ್ಯಾಲ. ಮೊದಲ ಅಣ್ಣಗ ಖರೇ ಹೇಳು" ಅಂದರು ಮಿಸ್ತ್ರಿ.

ಹಿಟ್ಟು ಮೆತ್ತಿ ಅಳೆಯದೇ ಹಾಕಿದ್ದನ್ನು ಹೇಳಿದೆ. ಅಣ್ಣ ಹೆಲ್ಮೆಟ್ ನನ್ನ ಕೈಗೆ ಕೊಟ್ಟು, "ಇನ್ಮ್ಯಾಲ ನೀ ರಿಪೇರಿ ಮಾಡಿದ್ ಗಾಡಿ ಮೊದಲ ನೀನೇ ಹತ್ತಬೇಕು ನೋಡಲೇ" ಅಂದ.

ಚಪ್ಪಟೆ ತಲೆಯ ಪಿಸ್ಟನ್ ಹಾಕಿದೆವು. ಈ ಸಲ ಹಿಟ್ಟು ನಾನೇ ಮೆತ್ತಿದೆ.

ಮಿಸ್ತ್ರಿ ಹೋದ ವರ್ಷ ತೀರಿಕೊಂಡರು. ಸ್ಕ್ರೂಡ್ರೈವರ್ ನನ್ನ ಹತ್ತಿರ ಇದೆ. ನನ್ನ ಕಿವಿ ಸರಿಯಾಗಿಯೇ ಇವೆ. ಆದರೂ ಅಣ್ಣ ಡ್ಯೂಟಿಗೆ ಹೊರಡುವ ಮೊದಲು ಹಿಡಿಯಲ್ಲಿ ಉಳಿದ ಅವರ ಹಲ್ಲಿನ ಗುರುತಿನ ಮೇಲೇ ಕಚ್ಚಿ ಎಂಜಿನ್ ಕೇಳುತ್ತೇನೆ. ಕಡಲೆ ಸಿಡಿಯುವುದಿಲ್ಲ. ಆಮೇಲೆ ಕೀ ಕೊಡುತ್ತೇನೆ.