ಪಿಕಳಾರದ ತಾಯಿಗಾಗಿ ಕಾದ ಅಂಗಳ

ಇಂದು ಶಾಲೆಯ ಬೇಲಿಯ ಬಳಿ ನನ್ನ ವಿದ್ಯಾರ್ಥಿಗಳು ಪಿಕಳಾರ ಹಕ್ಕಿಯ ಮರಿಯೊಂದನ್ನು ಸುತ್ತುವರಿದಿದ್ದರು. ಕಂಡೊಡನೆ ಮನಸ್ಸು ಬಾಲ್ಯದಲ್ಲಿ ನಾವಿದ್ದ ನೊಣವಿನಕೆರೆಯ ಮನೆಯ ಅಂಗಳಕ್ಕೆ ಮರಳಿತು.

ಅಂದು ಅಲ್ಲಿ ಒಣಗಿದ ತೆಂಗಿನಕಾಯಿಗಳ ರಾಶಿ, ಸುಲಿಯುವವರ ಸದ್ದು, ನಾರಿನ ಧೂಳು. ನಿಂಬೆಗಿಡದ ಕೆಳಗೆ ಬಿದ್ದಿದ್ದ, ರೆಕ್ಕೆ ಬಲಿಯದ ಮರಿಯನ್ನು ಎತ್ತಿಕೊಂಡೆ. ಅದರ ಎದೆಬಡಿತ ನನ್ನ ಅಂಗೈಯಲ್ಲಿತ್ತು.

"ಅಜ್ಜಿ, ನಾನೇ ಸಾಕ್ತೀನಿ. ನೀರು ಕುಡಿಸ್ಲಾ?"

"ನೀರು ಗೀರು ಹಾಕ್ಬ್ಯಾಡ ಕಣ್ಲಾ, ಉಸ್ರು ಕಟ್ಟೋಯ್ತದೆ. ಗಿಡದ ಮ್ಯಾಲೆ ಕೂರ್ಸಿ ಈಚೆ ಬಾ, ಅದ್ರವ್ವ ಬತ್ತಾಳೆ."

"ನಾನು ಮುಟ್ಬುಟ್ಟಿದೀನಿ, ಸೇರಿಸ್ಕೊಂತಾಳಾ?"

"ನೀನು ಕೂಸಾಗಿದ್ದಾಗ ಊರೋರೆಲ್ಲಾ ಎತ್ಕಂಡ್ರು. ನಿಮ್ಮವ್ವ ನಿನ್ನ ಬುಟ್ಬುಟ್ಲಾ?"

ಮರಿಯನ್ನು ಕೊಂಬೆಯ ಮೇಲೆ ಕೂರಿಸಿದೆ. ಆದರೆ ತಾಯಿ ಹಕ್ಕಿ ಸದ್ದಿಗೆ ಹೆದರಿ ದೂರದ ತೆಂಗಿನ ಗರಿಯಲ್ಲೇ ಕುಳಿತು ಕೂಗುತ್ತಿತ್ತು. ಅಜ್ಜಿ ಸುಲಿಯುವವರತ್ತ ತಿರುಗಿ, "ವಸಿ ಎಲೆ ಅಡಿಕೆ ಹಾಕ್ಕಳ್ರಪ್ಪ" ಎಂದಳು. ಕೆಲಸ ನಿಂತಿತು. ಎಂದೂ ಸುಮ್ಮನಿರದ ಆ ದೊಡ್ಡವರೆಲ್ಲ ಒಂದು ಹಕ್ಕಿಗಾಗಿ ಮಾತು ಬಿಟ್ಟು ಕುಳಿತರು. ಕೊನೆಗೂ ತಾಯಿ ಬಂತು, ಕೊಕ್ಕಿನಲ್ಲಿ ಹಸಿರು ಹುಳು ಹಿಡಿದು.

ಆ ಮೌನಕ್ಕಾಗಿ ನಾನು ಇಂದಿಗೂ ಹಂಬಲಿಸುತ್ತೇನೆ.

ಇಂದಿನ ಮರಿಯನ್ನು ಪೊದೆಯಲ್ಲಿ ಕೂರಿಸಿ, ಮಕ್ಕಳೊಂದಿಗೆ ಗೋಡೆಯ ಮರೆಯಲ್ಲಿ ನಿಂತೆ. ಮನೆಗೆ ಬಿಡುವ ಗಂಟೆ ಹೊಡೆಯಿತು. ಒಬ್ಬರೂ ಕದಲಲಿಲ್ಲ.