ತಲೆಯಾಡಿಸುವ ಪಾಲಾಕ್ಷ

ಮಧುಗಿರಿಯ ಕಾಲೇಜಿನಲ್ಲಿ ಕ್ಯಾಲ್ಕುಲಸ್ ಮೇಷ್ಟರು ಬಾಯಿ ತೆರೆಯುವ ಮೊದಲೇ ತಲೆಯಾಡಿಸುವವನು ಚನ್ನರಾಯನದುರ್ಗದ ಪಾಲಾಕ್ಷ. ಲೆಕ್ಕದಲ್ಲಿ ಎರಡು ಚರಾಕ್ಷರ ಬಂದರೂ "ಅರ್ಥ ಆಯ್ತು ಸಾರ್", ಮೂರು ಬಂದರೂ "ಅರ್ಥ ಆಯ್ತು ಸಾರ್". ಬಸ್ಸಿನಲ್ಲಿ ದಪ್ಪ ಪುಸ್ತಕದ ಹೆಸರು ಊರಿಗೆಲ್ಲ ಕಾಣುವಂತೆ ಎದೆಗವಚಿಕೊಂಡು ಕೂರುತ್ತಾನೆ. ಒಳಗಿನ ಒಂದಕ್ಷರವೂ ತಲೆಗೆ ಹತ್ತಿಲ್ಲ. ಮೇಕೆ ಮೇಯಿಸುವ ಅವ್ವ ಮುದ್ದಕ್ಕ ಮೊನ್ನೆ ಆ ಪುಸ್ತಕದಲ್ಲಿದ್ದ ಬೆಟ್ಟದ ನಕ್ಷೆ ನೋಡಿ, "ಈ ಗೆರೆಗಳು ಏನ್ಲಾ?" ಎಂದಳು. "ಒಂದೊಂದು ಗೆರೆ ಒಂದೊಂದು ಎತ್ತರ" ಎಂದು ಇವನು ಓದಿ ಹೇಳಿದ. "ಅಂಗಾರೆ ಗೆರೆ ಒತ್ತೊತ್ತಾಗಿರೋ ಕಡೆ ಏರು ಜಾಸ್ತಿ ಕಣ್ಲಾ, ಮೇಕೆನೂ ಜಾರ್ತದೆ" ಎಂದಳು ಅವ್ವ. "ನಿಂಗ್ ಅರ್ಥ ಆಗಲ್ಲ ಬುಡವ್ವ" ಎಂದು ಪುಸ್ತಕ ಮುಚ್ಚಿಬಿಟ್ಟ. ಮರುದಿನ ಮೇಷ್ಟರು ಅದೇ ನಕ್ಷೆಯ ಪಾಠ ಮಾಡುತ್ತಾ, "ಗೆರೆಗಳು ಒತ್ತಾಗಿರುವ ಕಡೆ ಏರು ಹೆಚ್ಚು" ಎಂದು ಅವ್ವ ಹೇಳಿದ್ದನ್ನೇ ಬೋರ್ಡಿನ ಮೇಲೆ ಬರೆದರು. ಅಂದು ಪಾಲಾಕ್ಷನ ತಲೆ ಆಡಲಿಲ್ಲ, ತಗ್ಗಿತು.